ಹೊಸ ಗಿಟಾರ್ ಹಾಳಾಗಿ ಬಂತಾ? ಅಲೆನ್ ಕೀ ಹಿಡಿಯುವ ಮುಂಚೆ ಮಾಡಬೇಕಾದ ಕೆಲಸಗಳು

ಹೊಸ ಗಿಟಾರ್ ಕೆಟ್ಟ ಸ್ಥಿತಿಯಲ್ಲಿ ಬಂದಾಗ ತುಂಬಾ ಜನ ಕೆಲಸಗಳನ್ನು ತಲೆಕೆಳಗಾಗಿ ಮಾಡುತ್ತಾರೆ. ಬಾಕ್ಸ್ ಹರಿದು ಎಸೆದಿರುತ್ತಾರೆ. ತಂತಿ ಜುಯ್‌ಗುಡುತ್ತದೆ ಅಂತ ಅಲೆನ್ ಕೀಯಿಂದ ಟ್ರಸ್ ರಾಡ್ (ನೆಕ್ ಒಳಗಿರುವ, ಅದರ ಬಾಗು ಸರಿಪಡಿಸುವ ಲೋಹದ ಕಡ್ಡಿ) ತಿರುಗಿಸಿರುತ್ತಾರೆ. ಹತ್ತು ದಿನ ನುಡಿಸಿ, ಹನ್ನೊಂದನೇ ದಿನ ಸಿಟ್ಟಿನಲ್ಲಿ ಡೀಲರ್‌ಗೆ ಫೋನ್ ಮಾಡಿ "ಏನಾದ್ರೂ ಮಾಡಿ" ಅನ್ನುತ್ತಾರೆ. ಆಗ ಡೀಲರ್ ಏನೋ ಒಂದು ಮಾಡುತ್ತಾರೆ. ಅದು ಇವರಿಗೆ ಬೇಕಾದದ್ದಾಗಿರುವುದಿಲ್ಲ, ಅಷ್ಟೆ.

ನಾನೂ ಹೀಗೆ ಕಳೆದುಕೊಂಡಿದ್ದೇನೆ. ಒಂದು ಅಕೌಸ್ಟಿಕ್ ಗಿಟಾರ್‌ನಲ್ಲಿ ತಂತಿ ಜಾಸ್ತಿ ಎತ್ತರ ಇತ್ತು. ಸುಮ್ನೆ ಡೀಲರ್‌ಗೆ ಯಾಕೆ ತೊಂದರೆ ಅಂತ ನಾನೇ ಸ್ಯಾಡಲ್ (ಬ್ರಿಡ್ಜ್ ಮೇಲೆ ತಂತಿ ಕೂರುವ ಸಣ್ಣ ಪಟ್ಟಿ) ಉಜ್ಜಿ ಇಳಿಸಿದೆ. ಒಂದು ವಾರದ ಮೇಲೆ ಗೊತ್ತಾಯಿತು: ತಂತಿ ಕಟ್ಟುವ ಬ್ರಿಡ್ಜ್‌ನ ಹಿಂದಿನ ಅಂಚು ಮರದಿಂದ ಬಿಟ್ಟುಕೊಳ್ಳುತ್ತಿತ್ತು, ತಂತಿ ಎತ್ತರವಾಗಿದ್ದೇ ಅದರಿಂದ. "ಸ್ಯಾಡಲ್ ಉಜ್ಜಿದ್ದೀರಲ್ಲ, ಇನ್ನು ವಾಪಸ್ ತಗೊಳ್ಳೋಕೆ ಆಗಲ್ಲ" ಎಂದರು ಡೀಲರ್. ಅವರ ಜಾಗದಲ್ಲಿ ನಾನಿದ್ದರೂ ಹಾಗೇ ಹೇಳುತ್ತಿದ್ದೆ.

ಆದ್ದರಿಂದ ಈ ಮಾರ್ಗದರ್ಶಿಯಲ್ಲಿ ಹಂತಗಳ ಕ್ರಮ ಮುಖ್ಯ. ಮೊದಲು ಸಾಕ್ಷಿ, ಆಮೇಲೆ ಅಳತೆ, ಆಮೇಲೆ ನಿಮ್ಮ ತೀರ್ಮಾನ, ಕೊನೆಗೆ ಡೀಲರ್ ಜೊತೆ ಮಾತು.

ಕೈಯಲ್ಲಿ ಇರಬೇಕಾದ ಸಾಮಾನು

ಫೋನ್ ಕ್ಯಾಮೆರಾ, ಒಂದು ಟಾರ್ಚ್, ಅರ್ಧ ಮಿಲಿಮೀಟರ್ ಗೆರೆ ಇರುವ ಸ್ಟೀಲ್ ಸ್ಕೇಲ್, ಟ್ಯೂನರ್, ಕ್ಯಾಪೋ (ಎಲ್ಲ ತಂತಿಯನ್ನೂ ಒಟ್ಟಿಗೆ ಒತ್ತಿ ಹಿಡಿಯುವ ಕ್ಲಿಪ್), ಒಂದು ತೆಳು ಹಾಳೆ. ಫೀಲರ್ ಗೇಜ್ (ಸಂದು ಅಳೆಯುವ ತೆಳು ಲೋಹದ ಪಟ್ಟಿಗಳು) ಇದ್ದರೆ ಒಳ್ಳೆಯದು, ಇಲ್ಲದಿದ್ದರೂ ನಡೆಯುತ್ತದೆ. ಎಲೆಕ್ಟ್ರಿಕ್ ಆಗಿದ್ದರೆ ಚೆನ್ನಾಗಿ ಕೆಲಸ ಮಾಡುವ ಕೇಬಲ್ ಮತ್ತು ಆಂಪ್ ಬೇಕು. ಕೇಬಲ್ ಹಾಳಾಗಿದ್ದು ಗಿಟಾರ್ ಮೇಲೆ ದೂರು ಹೇಳಿದರೆ ಮುಂದೆ ನಿಮ್ಮ ಯಾವ ಮಾತಿಗೂ ಬೆಲೆ ಇರುವುದಿಲ್ಲ. ಬೇರೆ ಗಿಟಾರ್‌ಗೆ ಹಾಕಿ ಮೊದಲೇ ನೋಡಿಟ್ಟುಕೊಳ್ಳಿ.

ಅಲೆನ್ ಕೀ, ಸ್ಕ್ರೂ ಡ್ರೈವರ್, ಅರ ಇವೆಲ್ಲ ಪೆಟ್ಟಿಗೆಯಲ್ಲೇ ಇರಲಿ.

ಹಂತ 1: ಬಾಕ್ಸ್ ತೆರೆಯುವ ಮೊದಲು

ತಂದುಕೊಟ್ಟವರು ಇನ್ನೂ ಬಾಗಿಲಲ್ಲಿ ನಿಂತಿರುವಾಗಲೇ ಬಾಕ್ಸ್‌ನ ಆರೂ ಬದಿ ನೋಡಿ. ಮೂಲೆ ಒಳಕ್ಕೆ ಹೋಗಿದೆಯೇ, ತೂತು ಬಿದ್ದಿದೆಯೇ, ಒದ್ದೆಯಾದ ಕಲೆ ಇದೆಯೇ, ಟೇಪ್ ಮೇಲೆ ಇನ್ನೊಂದು ಟೇಪ್ ಹಚ್ಚಿದೆಯೇ? ಏನಾದರೂ ಕಂಡರೆ ಸಹಿ ಹಾಕುವ ಜಾಗದಲ್ಲಿ "ಬಾಕ್ಸ್ ಜಖಂ ಆಗಿದೆ" ಎಂದು ಬರೆದೇ ಸಹಿ ಹಾಕಿ. ಬರೆಯಲು ಜಾಗವಿಲ್ಲದಿದ್ದರೆ ಅಲ್ಲೇ ನಿಂತು ಫೋಟೋ ತೆಗೆಯಿರಿ. ಬಾಕ್ಸ್ ಪೂರ್ತಿ ಜಜ್ಜಿಹೋಗಿದ್ದರೆ ತೆಗೆದುಕೊಳ್ಳದೆ ವಾಪಸ್ ಕಳಿಸುವುದೇ ಸುಲಭ.

ಹೊರಗೆ ತುಂಬಾ ಚಳಿ ಅಥವಾ ತುಂಬಾ ಬಿಸಿಲಿದ್ದರೆ ಬಾಕ್ಸ್ ತಕ್ಷಣ ತೆರೆಯಬೇಡಿ. ಕೋಣೆಯೊಳಗೆ ಮುಚ್ಚಿದಂತೆಯೇ 24 ಗಂಟೆ ಬಿಡಿ. ಇದು ಅತಿ ಎಚ್ಚರಿಕೆ ಅನ್ನಿಸಬಹುದು. ಆದರೆ ನೈಟ್ರೋಸೆಲ್ಯುಲೋಸ್ ಲ್ಯಾಕರ್ ಬಳಿದ ಗಿಟಾರ್ ತಣ್ಣಗಿರುವಾಗ ಒಮ್ಮೆಗೇ ಬೆಚ್ಚಗಿನ ಗಾಳಿಗೆ ಬಂದರೆ ಪಾಲಿಷ್ ಮೇಲೆ ಕೂದಲೆಳೆಯಂಥ ಬಿರುಕು ಹರಡಿಕೊಳ್ಳಬಹುದು. ಅದು ದಾರಿಯಲ್ಲಿ ಆಯಿತೋ ನಿಮ್ಮ ಕೋಣೆಯಲ್ಲಿ ಆಯಿತೋ ಎಂದು ಆಮೇಲೆ ಯಾರೂ ಸಾಬೀತು ಮಾಡಲಾರರು. ಕಾಯುವ ಹೊತ್ತಿನಲ್ಲಿ ಡೀಲರ್‌ನ ವಾಪಸಾತಿ ನಿಯಮ ಓದಿ. ಎಷ್ಟು ದಿನ ಗಡುವು, ಸಾಗಣೆ ಖರ್ಚು ಯಾರದು, ಯಾವಾಗ ವಾಪಸ್ ಇಲ್ಲ ಎಂಬ ಮೂರನ್ನೂ ಬರೆದಿಟ್ಟುಕೊಳ್ಳಿ. ಸಾಗಣೆ ಹಾನಿ ತಿಳಿಸಲು ಬೇರೆ ಗಡುವು ಇರುತ್ತದೆ. ಅದು ಸಾಮಾನ್ಯವಾಗಿ ಇನ್ನೂ ಚಿಕ್ಕದು.

ಹಂತ 2: ವಿಡಿಯೋ ಹಿಡಿದು ತೆರೆಯಿರಿ

ಫೋನನ್ನು ಎಲ್ಲಾದರೂ ಆನಿಸಿಟ್ಟು, ಟೇಪ್ ಕತ್ತರಿಸುವುದರಿಂದ ಗಿಟಾರ್ ಕೈಗೆ ಬರುವವರೆಗೆ ಒಂದೇ ವಿಡಿಯೋ ಮಾಡಿ. ಮಧ್ಯೆ ನಿಲ್ಲಿಸಬೇಡಿ. ಮೊದಲು ಬಾಕ್ಸ್ ಮೇಲಿನ ವಿಳಾಸದ ಚೀಟಿ ಕಾಣಿಸಲಿ. ಗಿಟಾರ್ ಬಾಕ್ಸ್‌ನೊಳಗೆ ಹೇಗೆ ಕೂತಿತ್ತು, ಹೆಡ್‌ಸ್ಟಾಕ್ (ಶ್ರುತಿ ಬಿರಡೆಗಳಿರುವ ತಲೆ) ಕೆಳಗೆ ಏನಾದರೂ ಆಧಾರ ಇತ್ತೇ, ಒಳಗೆ ಅಲ್ಲಾಡುತ್ತಿತ್ತೇ, ಇವೆಲ್ಲ ಕಾಣಬೇಕು. ಕೊನೆಗೆ ಸೀರಿಯಲ್ ನಂಬರ್ ಹತ್ತಿರದಿಂದ ತೋರಿಸಿ. ಅದು ಹೆಡ್‌ಸ್ಟಾಕ್ ಹಿಂದೆ, ನೆಕ್ ಪ್ಲೇಟ್ ಮೇಲೆ, ಅಥವಾ ಅಕೌಸ್ಟಿಕ್‌ನಲ್ಲಿ ಸೌಂಡ್‌ಹೋಲ್ ಒಳಗಿನ ಚೀಟಿಯಲ್ಲಿ ಇರುತ್ತದೆ. ಬಿಲ್‌ನಲ್ಲಿರುವ ನಂಬರ್‌ಗೆ ಹೋಲಿಸಿ.

ಬಾಕ್ಸ್, ಥರ್ಮೋಕೋಲ್, ಬಬಲ್ ಹಾಳೆ, ಪ್ಲಾಸ್ಟಿಕ್ ಚೀಲ ಯಾವುದನ್ನೂ ಎಸೆಯಬೇಡಿ. ಸಾಗಣೆ ಕಂಪನಿ ಪರಿಹಾರ ಕೊಡುವ ಮೊದಲು ಪ್ಯಾಕಿಂಗ್ ನೋಡಬೇಕು ಅನ್ನಬಹುದು. "ಎಸೆದುಬಿಟ್ಟೆ" ಅಂದರೆ ಕಥೆ ಅಲ್ಲಿಗೇ ಮುಗಿಯಿತು.

ಹಂತ 3: ಏನನ್ನೂ ತಿರುಗಿಸದೆ ಪರೀಕ್ಷೆ

ಈಗ ಟಾರ್ಚ್ ಹಿಡಿದು ಕೂತುಕೊಳ್ಳಿ. ನೇರ ಬೆಳಕಿಗಿಂತ ಓರೆ ಬೆಳಕಿನಲ್ಲಿ ಬಿರುಕು, ಉಬ್ಬು, ಗೀರು ಚೆನ್ನಾಗಿ ಕಾಣುತ್ತವೆ.

ಶುರು ಮಾಡಬೇಕಾದ ಜಾಗ ನಟ್ (ಹೆಡ್‌ಸ್ಟಾಕ್ ಬುಡದಲ್ಲಿ ತಂತಿಗಳು ಕೂರುವ ಪಟ್ಟಿ) ಹಿಂದಿನ ಕುತ್ತಿಗೆ. ಸಾಗಣೆಯಲ್ಲಿ ಗಿಟಾರ್ ಮುರಿಯುವುದು ಅಲ್ಲೇ ಜಾಸ್ತಿ. ಅದರಲ್ಲೂ ಗಿಬ್ಸನ್ ಮಾದರಿಯಲ್ಲಿ ಹೆಡ್‌ಸ್ಟಾಕ್ 17 ಡಿಗ್ರಿಯಷ್ಟು ಹಿಂದಕ್ಕೆ ಬಾಗಿದ್ದು, ಮಹೋಗನಿ ಮರದ ಎಳೆ ಅಲ್ಲಿ ಅಡ್ಡಕ್ಕೆ ಕಡಿದುಹೋಗಿರುತ್ತದೆ. ಕೇಸ್ ಹೊರಗಿನಿಂದ ಹೊಸದಾಗೇ ಇದ್ದರೂ, ನಿಂತ ಬಾಕ್ಸ್ ಬೆನ್ನಡಿಯಾಗಿ ಬಿದ್ದರೆ ಒಳಗೆ ಹೆಡ್‌ಸ್ಟಾಕ್ ಚಾಟಿಯಂತೆ ಬೀಸಿ ಬಿರುಕು ಬಿಡುತ್ತದೆ. ಫೆಂಡರ್ ಮಾದರಿಯ ನೇರ ಹೆಡ್‌ಸ್ಟಾಕ್‌ನಲ್ಲಿ ಈ ಅಪಾಯ ಕಡಿಮೆ, ಆದರೂ ನೋಡಿ. ಉಗುರಿನಿಂದ ಮೆಲ್ಲಗೆ ಸವರಿ. ಬಗ್ಗಿಸಿ ಮಾತ್ರ ನೋಡಬೇಡಿ. ಅರ್ಧ ಬಿಟ್ಟ ಬಿರುಕು ನಿಮ್ಮ ಕೈಯಲ್ಲಿ ಪೂರ್ತಿ ಬಿಟ್ಟರೆ ಜವಾಬ್ದಾರಿಯೂ ನಿಮ್ಮದೇ.

ಆಮೇಲೆ ನೆಕ್ ಮತ್ತು ಬಾಡಿ ಸೇರುವ ಜಾಗ. ಬೋಲ್ಟ್ ಹಾಕಿದ ನೆಕ್ ಇರುವ ಗಿಟಾರ್‌ಗಳಲ್ಲಿ ನೆಕ್ ಪಾಕೆಟ್‌ನ (ಬಾಡಿಯಲ್ಲಿ ನೆಕ್ ಕೂರುವ ಗುಳಿಯ) ಮೂಲೆಯಿಂದ ಪೇಂಟ್‌ನಲ್ಲಿ ಸಣ್ಣ ಗೆರೆ ಹೊರಡುವುದು ಮಾಮೂಲು. ದಪ್ಪ ಪಾಲಿಯೆಸ್ಟರ್ ಪೇಂಟ್‌ನಲ್ಲಿ ಇನ್ನೂ ಮಾಮೂಲು. ಫೋಟೋ ತೆಗೆದಿಡಿ, ಗಾಬರಿ ಬೇಡ. ಆ ಗೆರೆ ಮರದ ಎಳೆಯ ಜೊತೆಗೇ ಮುಂದೆ ಸಾಗಿದ್ದರೆ, ಅಥವಾ ಗೆರೆಯ ಒಂದು ಬದಿ ಇನ್ನೊಂದಕ್ಕಿಂತ ಎತ್ತರ ಅನ್ನಿಸಿದರೆ ಅದು ಮರದ ಬಿರುಕು.

ಅಕೌಸ್ಟಿಕ್ ಆದರೆ ಬ್ರಿಡ್ಜ್ ಹಿಂದಿನ ಅಂಚಿನಲ್ಲಿ ಆ ತೆಳು ಹಾಳೆಯನ್ನು ತೂರಿಸಿ ನೋಡಿ. ಒಳಗೆ ಹೋದರೆ ಅಂಟು ಬಿಟ್ಟಿದೆ. ಸೌಂಡ್‌ಹೋಲ್ ಒಳಗೆ ಫೋನ್ ಕ್ಯಾಮೆರಾ ಇಳಿಸಿ, ಹಲಗೆಗೆ ಬಲ ಕೊಡಲು ಒಳಗೆ ಅಂಟಿಸಿದ ಮರದ ಪಟ್ಟಿಗಳಲ್ಲಿ ಯಾವುದಾದರೂ ಬಿಟ್ಟುಕೊಂಡಿದೆಯೇ ನೋಡಿ. ಮೇಲಿನ ಹಲಗೆಯನ್ನು ಬೆರಳ ಗೆಣ್ಣಿನಿಂದ ಮೆಲ್ಲಗೆ ತಟ್ಟಿದಾಗ ಎಲ್ಲೋ ಒಂದು ಕಡೆ ಗಲಗಲ ಎಂದರೂ ಅದೇ ಅರ್ಥ.

ಫ್ರೆಟ್ (ನೆಕ್ ಮೇಲಿನ ಲೋಹದ ಅಡ್ಡಪಟ್ಟಿ) ತುದಿಗಳ ಮೇಲೆ ಕೈ ಜಾರಿಸಿ. ಬಾಚಣಿಗೆ ಹಲ್ಲಿನಂತೆ ಚುಚ್ಚಿದರೆ ಗಿಟಾರ್ ಒಣಗಿದೆ: ಫ್ರೆಟ್‌ಬೋರ್ಡ್ ಮರ ಕುಗ್ಗಿದೆ, ಲೋಹ ಕುಗ್ಗಿಲ್ಲ. ಮರದ ಗಿಟಾರ್‌ಗೆ 45ರಿಂದ 55 ಶೇಕಡಾ ತೇವಾಂಶ ಹಿತ. ಒಣಗಿದ ಅಕೌಸ್ಟಿಕ್‌ನಲ್ಲಿ ಸೌಂಡ್‌ಹೋಲ್ ಸುತ್ತ ಹಲಗೆ ತಗ್ಗಿರುತ್ತದೆ. ತೇವ ಕುಡಿದದ್ದರಲ್ಲಿ ಬ್ರಿಡ್ಜ್ ಹಿಂದೆ ಹೊಟ್ಟೆ ಬಂದಿರುತ್ತದೆ. ಬಂದ ದಿನವೇ ಹೀಗಿದ್ದರೆ ಅದು ಗೋದಾಮಿನ ತಪ್ಪು. ಎರಡು ತಿಂಗಳ ನಂತರ ಹೀಗಾದರೆ ನಿಮ್ಮ ಕೋಣೆಯದು. ಬಂದ ದಿನವೇ ನೋಡಿ ಅನ್ನುವುದು ಇದಕ್ಕೇ.

ಈಗ ಅಳತೆ. ಶ್ರುತಿ ಮಾಡುವುದು ಒಂದಕ್ಕೆ ಅನುಮತಿ ಇದೆ. ಶ್ರುತಿ ಮಾಡಿ, ಹತ್ತು ನಿಮಿಷ ಬಿಟ್ಟು, ಮತ್ತೆ ಶ್ರುತಿ ಮಾಡಿ ಅಳೆಯಿರಿ. ಶ್ರುತಿ ಇಲ್ಲದೆ ತೆಗೆದ ಅಳತೆಗೆ ಅರ್ಥವಿಲ್ಲ, ಯಾಕೆಂದರೆ ನೆಕ್‌ನ ಬಾಗು ತಂತಿಯ ಎಳೆತದ ಮೇಲೇ ನಿಂತಿದೆ.

12ನೇ ಫ್ರೆಟ್ ಮೇಲಿಂದ ತಂತಿಯ ತಳಕ್ಕೆ ಎಷ್ಟು ಎತ್ತರ ಎಂದು ನೋಡಿ. ಎಲೆಕ್ಟ್ರಿಕ್‌ನಲ್ಲಿ ದಪ್ಪ ತಂತಿಗೆ ಸುಮಾರು 1.6ರಿಂದ 2 ಮಿಲಿಮೀಟರ್, ತೆಳು ತಂತಿಗೆ ಅದಕ್ಕಿಂತ ತುಸು ಕಡಿಮೆ. ಸ್ಟೀಲ್ ತಂತಿಯ ಅಕೌಸ್ಟಿಕ್‌ಗೆ ಸುಮಾರು 2.4 ಮತ್ತು 1.8. ನೈಲಾನ್ ತಂತಿಯ ಕ್ಲಾಸಿಕಲ್‌ಗೆ 4 ಮತ್ತು 3 ಬಂದರೂ ಅದು ಸರಿಯೇ. ಇದು ಗೊತ್ತಿಲ್ಲದೆ ಚೆನ್ನಾಗಿರುವ ಕ್ಲಾಸಿಕಲ್ ಗಿಟಾರನ್ನು ವಾಪಸ್ ಕಳಿಸಿದವರೂ ಇದ್ದಾರೆ.

ನೆಕ್‌ನ ಬಾಗು ನೋಡಲು 1ನೇ ಫ್ರೆಟ್‌ಗೆ ಕ್ಯಾಪೋ ಹಾಕಿ, ನೆಕ್ ಬಾಡಿಗೆ ಸೇರುವ ಜಾಗದ ಫ್ರೆಟ್ ಒತ್ತಿ ಹಿಡಿಯಿರಿ. 7 ಅಥವಾ 8ನೇ ಫ್ರೆಟ್ ಮೇಲೆ 0.2ರಿಂದ 0.3 ಮಿಲಿಮೀಟರ್ ಸಂದು ಇರಬೇಕು. ಅಲ್ಲಿ ತಂತಿ ಫ್ರೆಟ್‌ಗೆ ತಾಗಿಕೊಂಡೇ ಇದ್ದರೆ ನೆಕ್ ಹಿಂದಕ್ಕೆ ಬಾಗಿದೆ, ಇಲ್ಲವೇ ಪೂರ್ತಿ ನೇರವಾಗಿದೆ.

ಪ್ರತಿ ತಂತಿಯನ್ನೂ ಪ್ರತಿ ಫ್ರೆಟ್‌ನಲ್ಲಿ ಒಂದೊಂದೇ ನುಡಿಸಿ. ಬೇಜಾರಿನ ಕೆಲಸ, ಆದರೆ ಹತ್ತು ನಿಮಿಷ ಸಾಕು. ಎಲ್ಲೆಲ್ಲೂ ಸ್ವಲ್ಪ ಸ್ವಲ್ಪ ಜುಯ್ ಎಂದರೆ ಸೆಟಪ್, ಅಂದರೆ ತಂತಿ ಮತ್ತು ನೆಕ್ ಹೊಂದಿಸುವ ಸಮಸ್ಯೆ. ಒಂದೇ ಫ್ರೆಟ್‌ನಲ್ಲಿ ಮಾತ್ರ ಸ್ವರ ಸತ್ತರೆ ಅದರ ಮುಂದಿನ ಫ್ರೆಟ್ ಎದ್ದಿದೆ. ಈ ವ್ಯತ್ಯಾಸ ಮುಂದೆ ಬಹಳ ಉಪಯೋಗಕ್ಕೆ ಬರುತ್ತದೆ.

12ನೇ ಫ್ರೆಟ್‌ನ ಹಾರ್ಮೋನಿಕ್ (ತಂತಿ ಒತ್ತದೆ, ಬೆರಳು ಸೋಕಿಸಿ ನುಡಿಸುವ ಸ್ವರ) ಮತ್ತು ಒತ್ತಿ ನುಡಿಸಿದ ಸ್ವರ ಎರಡನ್ನೂ ಟ್ಯೂನರ್‌ನಲ್ಲಿ ನೋಡಿ. ಎಲೆಕ್ಟ್ರಿಕ್‌ನಲ್ಲಿ ವ್ಯತ್ಯಾಸ ಇದ್ದರೆ ಬ್ರಿಡ್ಜ್‌ನ ಸ್ಕ್ರೂ ತಿರುಗಿಸಿ ಸರಿ ಮಾಡಬಹುದು. ಅಕೌಸ್ಟಿಕ್‌ನಲ್ಲಿ ಆ ಸೌಕರ್ಯ ಇಲ್ಲ. ಆರೂ ತಂತಿ ಒಂದೇ ದಿಕ್ಕಿಗೆ ತುಂಬಾ ತಪ್ಪಿದ್ದರೆ ಬ್ರಿಡ್ಜ್ ಇಟ್ಟ ಜಾಗವೇ ತಪ್ಪಿರಬಹುದು. ಆದರೆ ತುಕ್ಕು ಹಿಡಿದ ತಂತಿಯೂ ಇಂಥದೇ ಸುಳ್ಳು ಹೇಳುತ್ತದೆ, ಅದನ್ನು ಗಮನದಲ್ಲಿಡಿ.

ಎಲೆಕ್ಟ್ರಿಕ್‌ನಲ್ಲಿ ಎಲ್ಲ ನಾಬ್, ಸ್ವಿಚ್ ಆಡಿಸಿ ನೋಡಿ. ತಂತಿ ಮುಟ್ಟಿದಾಗ ಗುಯ್ ಸದ್ದು ಕಡಿಮೆಯಾದರೆ ಸರಿ. ಮುಟ್ಟಿದಾಗ ಜಾಸ್ತಿಯಾದರೆ ಗ್ರೌಂಡ್ ವೈರಿಂಗ್ ನೋಡಬೇಕಾಗುತ್ತದೆ. ಕೈಗೆ ಜುಮ್ ಅಂತ ಕರೆಂಟ್ ತಗುಲಿದರೆ ಕೂಡಲೇ ಪ್ಲಗ್ ಕೀಳಿ. ಅದು ಬಹುಪಾಲು ಆಂಪ್ ಅಥವಾ ಗೋಡೆಯ ವೈರಿಂಗ್ ದೋಷ, ಗಿಟಾರ್‌ದಲ್ಲ. ಅದನ್ನು ಸರಿಪಡಿಸುವವರೆಗೆ ನುಡಿಸಬೇಡಿ.

ಹಂತ 4: ದೋಷ ಯಾವ ಜಾತಿಯದು?

ಎಲ್ಲ ದೋಷಕ್ಕೂ ಒಂದೇ ದಾರಿ ಇಲ್ಲ. ನೀವು ಕಂಡದ್ದನ್ನೆಲ್ಲ ನಾಲ್ಕು ಗುಂಪಿಗೆ ಹಾಕಿ.

ಮೊದಲನೆಯದು ಸೆಟಪ್. ತಂತಿ ಎತ್ತರ, ನೆಕ್‌ನ ಬಾಗು, ಎಲೆಕ್ಟ್ರಿಕ್‌ನ ಇಂಟೋನೇಶನ್ (12ನೇ ಫ್ರೆಟ್‌ನಲ್ಲಿ ನೋಡಿದ ಸ್ವರದ ವ್ಯತ್ಯಾಸ), ತಂತಿಯ ಕಂಪನ ಹಿಡಿಯುವ ಪಿಕಪ್‌ನ ಎತ್ತರ, ಕೇಬಲ್ ಸಿಕ್ಕಿಸುವ ಜ್ಯಾಕ್‌ನ ಸಡಿಲವಾದ ನಟ್. ಹೊಸ ಗಿಟಾರ್ ಕಾರ್ಖಾನೆಯಿಂದ ನಿಮ್ಮ ಮನೆಗೆ ಬರುವಷ್ಟರಲ್ಲಿ ಹವೆ ಬದಲಾಗಿ ಇವು ಅಲುಗಾಡುವುದು ಸಹಜ. ಇಷ್ಟೇ ಆಗಿದ್ದರೆ ಗಿಟಾರ್ ಕೆಟ್ಟಿದೆ ಅನ್ನಬೇಡಿ, ಸೆಟಪ್ ಆಗಿಲ್ಲ ಅನ್ನಿ. ಮಾರುವ ಮೊದಲು ಸೆಟಪ್ ಮಾಡಿಕೊಡುತ್ತೇವೆ ಎಂದು ಡೀಲರ್ ಬರೆದುಕೊಂಡಿದ್ದರೆ ಮಾತ್ರ ನಿಮ್ಮ ಕೈ ಮೇಲಾಗುತ್ತದೆ.

ಎರಡನೆಯದು ತಯಾರಿಕೆಯ ದೋಷ: ಎದ್ದ ಫ್ರೆಟ್, ತಿರುಚಿದ ನೆಕ್, ತಪ್ಪು ಜಾಗದಲ್ಲಿ ಕೂತ ಬ್ರಿಡ್ಜ್, ಅಂಟು ಬಿಟ್ಟ ಪಟ್ಟಿ, ಯಾವ ಕಡೆಗೂ ತಿರುಗದ ಟ್ರಸ್ ರಾಡ್. ಅಕೌಸ್ಟಿಕ್‌ನಲ್ಲಿ ನೆಕ್ ಕೋನ ತಪ್ಪಿರುವುದೂ ಇದರಲ್ಲೇ ಸೇರುತ್ತದೆ. ಫ್ರೆಟ್‌ಗಳ ಮೇಲೆ ಉದ್ದ ಸ್ಕೇಲ್ ಇಟ್ಟರೆ ಅದರ ತುದಿ ಬ್ರಿಡ್ಜ್‌ನ ಮೇಲ್ಮೈಗೆ ಹೆಚ್ಚುಕಡಿಮೆ ಸಮವಾಗಿ ಬರಬೇಕು. ಬ್ರಿಡ್ಜ್‌ಗೆ ಗುದ್ದಿ ನಿಂತರೆ, ಸ್ಯಾಡಲ್ ಆಗಲೇ ತಗ್ಗಾಗಿದ್ದೂ ತಂತಿ ಎತ್ತರ ಇದ್ದರೆ, ಅದಕ್ಕೆ ನೆಕ್ ಬಿಚ್ಚಿ ಮತ್ತೆ ಕೂರಿಸಬೇಕು. ಹೊಸ ಗಿಟಾರ್‌ಗೆ ಆ ದುರಸ್ತಿಗೆ ಒಪ್ಪಲೇಬೇಡಿ.

ಮೂರನೆಯದು ಸಾಗಣೆಯ ಪೆಟ್ಟು. ಇಲ್ಲಿ ಜನ ದಾರಿ ತಪ್ಪುವುದು ಹೀಗೆ: ನೇರ ಸಾಗಣೆ ಕಂಪನಿಗೆ ಫೋನ್ ಮಾಡಿ ವಾರಗಟ್ಟಲೆ ಕಾಯುತ್ತಾರೆ. ಸಾಗಣೆಗೆ ದುಡ್ಡು ಕೊಟ್ಟು ಕಳಿಸಿದವರು ಡೀಲರ್, ಒಪ್ಪಂದ ಇರುವುದೂ ಅವರಿಬ್ಬರ ಮಧ್ಯೆ. ಆದ್ದರಿಂದ ಪರಿಹಾರ ಕೇಳಬೇಕಾದವರೂ ಸಾಮಾನ್ಯವಾಗಿ ಡೀಲರೇ. ನೀವು ಡೀಲರ್‌ಗೆ ಬೇಗ ತಿಳಿಸಿ, ಫೋಟೋ ಕೊಟ್ಟು, ಬಾಕ್ಸ್ ಉಳಿಸಿಕೊಂಡರೆ ನಿಮ್ಮ ಪಾಲು ಮುಗಿಯಿತು.

ನಾಲ್ಕನೆಯದು ಸ್ವಲ್ಪ ಸೂಕ್ಷ್ಮ: ಹೊಸದು ಎಂದು ಕೊಟ್ಟದ್ದು ಹೊಸದಲ್ಲ. ಮೊದಲ ಮೂರ್ನಾಲ್ಕು ಫ್ರೆಟ್‌ಗಳಲ್ಲಿ ತಂತಿ ಉಜ್ಜಿದ ಗುರುತು, ಪಿಕ್‌ಗಾರ್ಡ್‌ನ ಪ್ಲಾಸ್ಟಿಕ್ ಪದರ ಕಿತ್ತಿರುವುದು, ಪಿಕ್ ಗೀರುಗಳು, ಬೆಲ್ಟ್ ಬಕಲ್ ಉಜ್ಜಿದ ಹಿಂಬದಿ, ಸ್ಟ್ರ್ಯಾಪ್ ಗುಂಡಿ ಸುತ್ತ ಉಂಗುರದಂಥ ಕಲೆ, ಬೆವರಿನಿಂದ ಕಪ್ಪಾದ ತಂತಿ, ಕೇಸ್‌ನ ಜೇಬಿನಲ್ಲಿ ಬೇರೆ ಯಾರದೋ ಪಿಕ್. ಒಂದೇ ಗುರುತಿನಿಂದ ತೀರ್ಮಾನಕ್ಕೆ ಬರಬೇಡಿ. ಅಂಗಡಿಯಲ್ಲಿ ನಾಲ್ಕು ಜನ ನುಡಿಸಿ ನೋಡಿದ ಗಿಟಾರ್ ಕೂಡ ಹೀಗೇ ಇರುತ್ತದೆ. ಆದರೆ ಅದನ್ನು ಡೆಮೋ ಅಥವಾ ಬಿ-ಸ್ಟಾಕ್ (ಪೂರ್ತಿ ಹೊಸದಲ್ಲದ, ಸಣ್ಣ ಕುಂದಿನ ಮಾಲು) ಎಂದು ಹೇಳಿ, ಬೆಲೆ ಇಳಿಸಿ ಮಾರಬೇಕು. ಮೂರು ನಾಲ್ಕು ಗುರುತು ಒಟ್ಟಿಗೆ ಸಿಕ್ಕರೆ ನೇರವಾಗಿ ಕೇಳಿ: "ಇದು ಮೊದಲು ಯಾರಿಗಾದರೂ ಮಾರಿ ವಾಪಸ್ ಬಂದಿತ್ತೇ?" ಕಾರಣ ಇದೆ. ಎಷ್ಟೋ ತಯಾರಕರ ವಾರಂಟಿ ಮೊದಲ ಖರೀದಿದಾರರಿಗೆ ಮಾತ್ರ. ಸೀರಿಯಲ್ ನಂಬರ್ ಆಗಲೇ ಬೇರೆಯವರ ಹೆಸರಿನಲ್ಲಿ ನೋಂದಣಿ ಆಗಿದ್ದರೆ ನಿಮಗೆ ಬಂದದ್ದು ವಾರಂಟಿ ಇಲ್ಲದ ಗಿಟಾರ್.

ಹಂತ 5: ನಿಮಗೆ ಏನು ಬೇಕು, ಈಗಲೇ ತೀರ್ಮಾನಿಸಿ

ಡೀಲರ್‌ಗೆ ಬರೆಯುವ ಮುಂಚೆ ಉತ್ತರ ನಿಮ್ಮ ಬಳಿ ಇರಬೇಕು. ಪೂರ್ತಿ ಹಣ, ಬದಲಿ ಗಿಟಾರ್, ಸ್ವಲ್ಪ ಹಣ ವಾಪಸ್ ಪಡೆದು ಇಟ್ಟುಕೊಳ್ಳುವುದು, ಅಥವಾ ಡೀಲರ್ ಖರ್ಚಿನಲ್ಲಿ ನಿಮ್ಮ ಹತ್ತಿರದ ರಿಪೇರಿಯವರಿಂದ ಕೆಲಸ.

ನನ್ನ ಲೆಕ್ಕ ಹೀಗೆ. ಮರ ಬಿರುಕು ಬಿಟ್ಟಿದ್ದರೆ, ನೆಕ್ ತಿರುಚಿದ್ದರೆ, ಬ್ರಿಡ್ಜ್ ಎದ್ದಿದ್ದರೆ, ಬದಲಿ ಅಥವಾ ಪೂರ್ತಿ ಹಣ. ಇವಕ್ಕೆ ರಿಯಾಯಿತಿ ತೆಗೆದುಕೊಂಡವರು ಆಮೇಲೆ ಆ ಗಿಟಾರ್ ಮಾರಲು ಹೋದಾಗ ಅದರ ಎರಡರಷ್ಟು ಕಳೆದುಕೊಳ್ಳುತ್ತಾರೆ. ಹೆಡ್‌ಸ್ಟಾಕ್ ಬಿರುಕನ್ನು ಚೆನ್ನಾಗಿ ಅಂಟಿಸಿದರೆ ಗಿಟಾರ್ ಚೆನ್ನಾಗೇ ನುಡಿಯುತ್ತದೆ, ಆದರೆ ಮಾರುಕಟ್ಟೆಯಲ್ಲಿ ಅದು ಮುರಿದ ಗಿಟಾರೇ. ಒಂದೆರಡು ಫ್ರೆಟ್ ಎದ್ದಿದ್ದು ಉಳಿದದ್ದೆಲ್ಲ ಚೆನ್ನಾಗಿದ್ದರೆ, ಗಿಟಾರ್‌ನ ನಾದ ನಿಮಗೆ ಹಿಡಿಸಿದ್ದರೆ, ಡೀಲರ್ ಖರ್ಚಿನಲ್ಲಿ ಫ್ರೆಟ್ ಕೆಲಸ ಮಾಡಿಸಿಕೊಳ್ಳುವುದೇ ಜಾಣತನ. ಬದಲಿಯಾಗಿ ಬರುವ ಗಿಟಾರ್ ಇಷ್ಟೇ ಚೆನ್ನಾಗಿ ನುಡಿಯುತ್ತದೆ ಅನ್ನುವ ಖಾತ್ರಿ ಯಾರೂ ಕೊಡಲಾರರು. ಗೀರು, ಪಾಲಿಷ್ ಕಲೆ ಇಷ್ಟೇ ಇದ್ದರೆ ಸ್ವಲ್ಪ ಹಣ ವಾಪಸ್ ಕೇಳಿ. ಎಷ್ಟು ಎಂದು ನೀವೇ ಅಂಕಿ ಹೇಳಿ. ಅದೇ ಮಾದರಿ ಬಿ-ಸ್ಟಾಕ್‌ನಲ್ಲಿ ಎಷ್ಟಕ್ಕೆ ಹೋಗುತ್ತಿದೆ ನೋಡಿ, ಹೊಸದರ ಬೆಲೆಗೂ ಅದಕ್ಕೂ ಇರುವ ಅಂತರವೇ ನಿಮ್ಮ ಅಂಕಿ.

ಹಂತ 6: ಮೊದಲ ಪತ್ರ

ಫೋನ್ ಬೇಡ. ಫೋನಿನಲ್ಲಿ ಆಡಿದ ಮಾತು ಮಾರನೇ ದಿನ ಯಾರಿಗೂ ನೆನಪಿರುವುದಿಲ್ಲ. ಇಮೇಲ್ ಕಳಿಸಿ. ಫೋನ್ ಮಾಡಲೇಬೇಕಾಗಿ ಬಂದರೆ, ಇಟ್ಟ ಕೂಡಲೇ "ಈಗ ತಾನೇ ಮಾತಾಡಿದಂತೆ" ಎಂದು ಶುರು ಮಾಡಿ ಒಂದು ಇಮೇಲ್ ಹಾಕಿ.

ಪತ್ರದಲ್ಲಿ ಆರ್ಡರ್ ಸಂಖ್ಯೆ, ಸೀರಿಯಲ್ ನಂಬರ್, ಬಂದ ದಿನ, ದೋಷ, ಅಳತೆ, ನಿಮ್ಮ ಕೋರಿಕೆ, ಉತ್ತರಕ್ಕೆ ಒಂದು ದಿನಾಂಕ ಇರಲಿ. ಐದಾರು ಫೋಟೋ ಸಾಕು. ಒಂದರಲ್ಲಿ ಇಡೀ ಗಿಟಾರ್, ಒಂದರಲ್ಲಿ ದೋಷ ಎಲ್ಲಿದೆ ಎಂದು ತಿಳಿಯುವಷ್ಟು ದೂರ, ಒಂದರಲ್ಲಿ ಹತ್ತಿರ. ನಲವತ್ತು ಫೋಟೋ ಕಳಿಸಿದರೆ ಅವರು ಮೊದಲ ಮೂರನ್ನಷ್ಟೇ ನೋಡುತ್ತಾರೆ. ಮಾದರಿ ಹೀಗಿರಲಿ:

"ನಮಸ್ಕಾರ. ಈ ಆರ್ಡರ್‌ನ ಗಿಟಾರ್ ನಿನ್ನೆ ತಲುಪಿತು. ಸೀರಿಯಲ್ ನಂಬರ್ ಮೇಲೆ ಬರೆದಿದ್ದೇನೆ. ಬಾಕ್ಸ್ ತೆರೆದಾಗ ನಟ್ ಹಿಂದೆ 3 ಸೆಂಟಿಮೀಟರ್ ಉದ್ದದ ಬಿರುಕು ಕಂಡಿತು. ಬಾಕ್ಸ್‌ನ ಆ ತುದಿಯ ಮೂಲೆ ಜಜ್ಜಿದೆ. ತೆರೆದ ವಿಡಿಯೋ, ಫೋಟೋ ಜೊತೆಗಿವೆ. ಶ್ರುತಿ ಮಾಡಿದ್ದು ಬಿಟ್ಟರೆ ನಾನು ಏನನ್ನೂ ತಿರುಗಿಸಿಲ್ಲ, ಬಿಚ್ಚಿಲ್ಲ. ಪ್ಯಾಕಿಂಗ್ ಪೂರ್ತಿ ಇಟ್ಟುಕೊಂಡಿದ್ದೇನೆ. ನನಗೆ ಅದೇ ಮಾದರಿಯ ಬದಲಿ ಗಿಟಾರ್ ಬೇಕು, ಸ್ಟಾಕ್ ಇಲ್ಲದಿದ್ದರೆ ಪೂರ್ತಿ ಹಣ ವಾಪಸ್ ಬೇಕು. ಸಾಗಣೆಯ ಏರ್ಪಾಡು ನಿಮ್ಮ ಕಡೆಯಿಂದ ಆಗಲಿ. ಶುಕ್ರವಾರದೊಳಗೆ ತಿಳಿಸಿ."

ಇದರಲ್ಲಿ ಬೈಗುಳ ಇಲ್ಲ, ಬೆದರಿಕೆ ಇಲ್ಲ, ಬೇಸರದ ಕಥೆಯೂ ಇಲ್ಲ. ಇದನ್ನು ಓದುವವರು ಅಂಗಡಿಯ ಒಬ್ಬ ಸಂಬಳದ ಹುಡುಗ ಅಥವಾ ಹುಡುಗಿ. ಮಾಲೀಕರ ಮುಂದೆ ಹಾಗೇ ಇಟ್ಟು "ಹೂಂ" ಅನ್ನಿಸಿಕೊಳ್ಳಲು ಅವರಿಗೆ ಸುಲಭವಾಗಬೇಕು. "ಏನನ್ನೂ ತಿರುಗಿಸಿಲ್ಲ" ಅನ್ನುವ ಸಾಲು ಮಾತ್ರ ಬಿಡಬೇಡಿ. ಅದು ನಿಜವಾಗಿರಲಿ ಅಂತಲೇ ಅಲೆನ್ ಕೀ ಪೆಟ್ಟಿಗೆಯಲ್ಲಿಡಿ ಅಂದದ್ದು. ಸತ್ಯಕ್ಕಿಂತ ದೊಡ್ಡದು ಮಾಡಿಯೂ ಬರೆಯಬೇಡಿ. ಪೇಂಟ್ ಗೆರೆಯನ್ನು "ಗಿಟಾರ್ ಸೀಳಿದೆ" ಎಂದರೆ, ಮುಂದೆ ನಿಜವಾದ ದೋಷ ಹೇಳಿದಾಗಲೂ ನಂಬುವುದಿಲ್ಲ.

ಹಂತ 7: ಡೀಲರ್ ಹೇಳುವ ಮಾತುಗಳು, ನಿಮ್ಮ ಉತ್ತರ

ಒಳ್ಳೆಯ ಡೀಲರ್ ಆದರೆ ಒಂದೇ ಪತ್ರಕ್ಕೆ ಕೆಲಸ ಮುಗಿಯುತ್ತದೆ. ಇಲ್ಲದಿದ್ದರೆ ಈ ಮಾತುಗಳು ಬರುತ್ತವೆ.

"ಎಲ್ಲ ಹೊಸ ಗಿಟಾರೂ ಹೀಗೇ ಇರುತ್ತವೆ." ಸೆಟಪ್ ವಿಷಯಕ್ಕೆ ಇದು ಅರ್ಧ ನಿಜ. ತಯಾರಕರು ತಮ್ಮ ಕಾರ್ಖಾನೆ ಅಳತೆಗಳನ್ನು ಪ್ರಕಟಿಸಿದ್ದರೆ, ಅದನ್ನೂ ನಿಮ್ಮ ಅಳತೆಯನ್ನೂ ಅಕ್ಕಪಕ್ಕ ಬರೆದು ಕಳಿಸಿ. ಅಭಿಪ್ರಾಯದ ಜಗಳ ಅಲ್ಲಿಗೆ ಅಂಕಿಯ ಮಾತಾಗುತ್ತದೆ.

"ಟ್ರಸ್ ರಾಡ್ ಸ್ವಲ್ಪ ತಿರುಗಿಸಿ ನೋಡಿ." ಇದು ಒಳ್ಳೆಯ ಸಲಹೆಯೂ ಆಗಿರಬಹುದು, ಬಲೆಯೂ ಆಗಿರಬಹುದು. "ಎಷ್ಟು, ಯಾವ ಕಡೆಗೆ ಎಂದು ಬರೆದು ಕಳಿಸಿ. ಇದರಿಂದ ವಾಪಸಾತಿಯ ಹಕ್ಕಿಗೆ ತೊಂದರೆ ಇಲ್ಲ ಎಂದೂ ತಿಳಿಸಿ" ಅನ್ನಿ. ಬರೆದು ಕೊಟ್ಟರೆ ಕಾಲು ಸುತ್ತಿಗಿಂತ ಜಾಸ್ತಿ ಒಮ್ಮೆಗೆ ತಿರುಗಿಸಬೇಡಿ. ಬಿಗಿಯಾಗಿ ನಿಂತರೆ ಅಲ್ಲೇ ಬಿಡಿ.

"ತಯಾರಕರ ವಾರಂಟಿಗೆ ಹೋಗಿ." ಹಣ ತೆಗೆದುಕೊಂಡವರು ಡೀಲರ್. ವಾರಂಟಿ ಅದರ ಮೇಲೆ ಸಿಗುವ ಇನ್ನೊಂದು ಸೌಕರ್ಯ. ವಾರಂಟಿಯಲ್ಲಿ ಸಾಮಾನ್ಯವಾಗಿ ದುರಸ್ತಿ ಮಾಡಿಕೊಡುತ್ತಾರೆ, ಹಣ ಕೊಡುವುದಿಲ್ಲ. ಅಷ್ಟರಲ್ಲಿ ವಾಪಸಾತಿಯ ಗಡುವೂ ದಾಟಿರುತ್ತದೆ. ಸಾಗಣೆಯ ಪೆಟ್ಟಂತೂ ವಾರಂಟಿಗೆ ಬರುವುದೇ ಇಲ್ಲ. "ನಾನು ಕೊಂಡದ್ದು ನಿಮ್ಮಿಂದ, ವಾಪಸಾತಿಯ ಗಡುವಿನೊಳಗೇ ಕೇಳುತ್ತಿದ್ದೇನೆ" ಎಂಬ ಒಂದು ಸಾಲು ಸಾಕು.

"ಸ್ವಲ್ಪ ದಿನ ನುಡಿಸಿ, ಸರಿಹೋಗುತ್ತೆ." ಹೊಸ ತಂತಿ ಎಳೆದುಕೊಂಡು ಶ್ರುತಿ ನಿಲ್ಲುವುದಕ್ಕೆ ಇದು ನಿಜ. ಎದ್ದ ಫ್ರೆಟ್ ನುಡಿಸಿದ್ದರಿಂದ ಕೂರುವುದಿಲ್ಲ. ಗಡುವು ಮುಗಿಯುವವರೆಗೆ ನಿಮ್ಮನ್ನು ಸುಮ್ಮನಿರಿಸುವ ಮಾತು ಯಾವುದೇ ಇರಲಿ, ಉತ್ತರ ಒಂದೇ: "ಹಾಗಾದರೆ ವಾಪಸಾತಿಯ ಗಡುವನ್ನು ಈ ದಿನಾಂಕದವರೆಗೆ ಮುಂದಕ್ಕೆ ಹಾಕಿ, ಬರೆದು ಕೊಡಿ."

"ರೋಸ್‌ವುಡ್ ಇದೆ, ಗಡಿ ದಾಟಿಸಲು ಪರ್ಮಿಟ್ ಬೇಕು." ಬೇರೆ ದೇಶದಿಂದ ತರಿಸಿದವರು ಇದನ್ನು ಕೇಳುವುದುಂಟು. ಅಳಿವಿನಂಚಿನ ಜೀವಜಾತಿಗಳ ವ್ಯಾಪಾರ ನಿಯಂತ್ರಿಸುವ ಸೈಟಿಸ್ ಒಪ್ಪಂದದಡಿ 2017ರ ಜನವರಿಯಿಂದ ರೋಸ್‌ವುಡ್ ಜಾತಿಗಳಿಗೆಲ್ಲ ಕಾಗದಪತ್ರ ಬೇಕಾಗಿತ್ತು, ನಿಜ. ಆದರೆ 2019ರ ನವೆಂಬರ್ ಕೊನೆಯಿಂದ ಪೂರ್ತಿ ತಯಾರಾದ ವಾದ್ಯಗಳಿಗೆ ಇದರಿಂದ ವಿನಾಯಿತಿ ಸಿಕ್ಕಿದೆ. 1992ರಿಂದಲೇ ಕಟ್ಟುನಿಟ್ಟಿನ ಪಟ್ಟಿಯಲ್ಲಿರುವ ಬ್ರೆಜಿಲಿಯನ್ ರೋಸ್‌ವುಡ್‌ಗೆ ಮಾತ್ರ ಈ ವಿನಾಯಿತಿ ಇಲ್ಲ. ಈಗಿನ ಮಾಮೂಲಿ ಹೊಸ ಗಿಟಾರ್‌ಗಳಲ್ಲಿ ಆ ಮರ ಸಿಗುವುದು ಅಪರೂಪ.

"ಅಂಗಡಿಯ ಕ್ರೆಡಿಟ್ ಕೊಡ್ತೀವಿ." ಆ ಅಂಗಡಿಯಲ್ಲೇ ಮತ್ತೆ ಕೊಳ್ಳುವ ಮನಸ್ಸಿದ್ದರೆ ತೆಗೆದುಕೊಳ್ಳಿ. ನನಗಂತೂ ಮನಸ್ಸಾಗಿಲ್ಲ.

ಹಂತ 8: ವಾಪಸ್ ಕಳಿಸುವ ಪ್ಯಾಕಿಂಗ್

ವಾಪಸಾತಿಯ ಅನುಮತಿ ಸಂಖ್ಯೆ ಮತ್ತು ಸಾಗಣೆಯ ಚೀಟಿ ಡೀಲರ್‌ನಿಂದ ಬರುವ ತನಕ ಗಿಟಾರ್ ಕಳಿಸಬೇಡಿ. ಹೇಳದೆ ಕಳಿಸಿದ ಗಿಟಾರ್ ಅವರ ಗೋದಾಮಿನ ಮೂಲೆಯಲ್ಲಿ ಯಾರದೆಂದು ತಿಳಿಯದೆ ಕೂತಿರುತ್ತದೆ.

ತಂತಿಗಳನ್ನು ಒಂದೆರಡು ಸ್ವರ ಇಳಿಸಿ. ಪೂರ್ತಿ ಬಿಚ್ಚಬೇಡಿ. ಗಿಟಾರ್ ಒಳಗೆ ಪ್ರಿಆಂಪ್ (ಸದ್ದು ಹೆಚ್ಚಿಸುವ ಸರ್ಕ್ಯೂಟ್) ಇದ್ದರೆ ಅದರ ಬ್ಯಾಟರಿ ತೆಗೆಯಿರಿ. ಕೇಸ್ ಒಳಗೆ ಹೆಡ್‌ಸ್ಟಾಕ್ ಕೆಳಗೂ ಮೇಲೂ ಕಾಗದದ ಉಂಡೆ ತುಂಬಿ, ಆದರೆ ಒತ್ತಡ ಬೀಳದಂತೆ. ಕೇಸ್ ಮುಚ್ಚಿ ಅಲ್ಲಾಡಿಸಿದಾಗ ಒಳಗೆ ಏನೂ ಸರಿಯಬಾರದು. ಬಂದ ಬಾಕ್ಸ್ ಜಜ್ಜಿದ್ದರೆ ಬೇರೆ ಬಾಕ್ಸ್ ಕಳಿಸಲು ಡೀಲರ್‌ಗೇ ಹೇಳಿ. ಪ್ಯಾಕ್ ಮಾಡುವುದನ್ನೂ ವಿಡಿಯೋ ಮಾಡಿ, ಸೀರಿಯಲ್ ನಂಬರ್ ಮತ್ತೆ ತೋರಿಸಿ. ಪೂರ್ತಿ ಬೆಲೆಗೆ ವಿಮೆ ಆಗಿದೆಯೇ ಎಂದು ಚೀಟಿಯಲ್ಲಿ ನೋಡಿ. ಕೊಟ್ಟ ರಸೀದಿ ಹಣ ಬರುವವರೆಗೆ ಜೋಪಾನ.

ದೇಶದಾಚೆಗೆ ಕಳಿಸುವುದಾದರೆ ಕಸ್ಟಮ್ಸ್ ಕಾಗದದಲ್ಲಿ "ವಾಪಸ್ ಹೋಗುತ್ತಿರುವ ಸರಕು" ಎಂದು ಹೇಗೆ ಬರೆಯಬೇಕು ಎಂಬುದನ್ನು ಡೀಲರ್‌ನಿಂದಲೇ ಕೇಳಿ ತಿಳಿದುಕೊಳ್ಳಿ. ಇಲ್ಲದಿದ್ದರೆ ಅಲ್ಲಿ ಮತ್ತೆ ತೆರಿಗೆ ಬಿದ್ದು, ಅದನ್ನು ನಿಮ್ಮ ಹಣದಲ್ಲಿ ಮುರಿದುಕೊಳ್ಳುತ್ತಾರೆ.

ಹಂತ 9: ಉತ್ತರವೇ ಬರದಿದ್ದರೆ

ನೀವು ಹೇಳಿದ ದಿನಾಂಕ ದಾಟಿದರೆ ಅದೇ ಇಮೇಲ್‌ಗೆ ಇನ್ನೊಂದು ಚಿಕ್ಕ ಪತ್ರ ಸೇರಿಸಿ, ಈ ಸಲ ಮಾಲೀಕರು ಅಥವಾ ಮ್ಯಾನೇಜರ್ ಹೆಸರಿಗೆ. ಅದಕ್ಕೂ ಉತ್ತರ ಬರದಿದ್ದರೆ ತಯಾರಕರಿಗೆ ಬರೆಯಿರಿ. ವಾರಂಟಿ ಕೇಳಲು ಅಲ್ಲ, ನಿಮ್ಮ ಅಧಿಕೃತ ಡೀಲರ್ ಹೀಗೆ ಮಾಡುತ್ತಿದ್ದಾರೆ ಎಂದು ತಿಳಿಸಲು. ಡೀಲರ್‌ಗೆ ಆ ಬ್ರ್ಯಾಂಡ್ ಮಾರುವ ಅನುಮತಿ ತಯಾರಕರ ಕೈಯಲ್ಲಿದೆ, ಹಾಗಾಗಿ ಈ ಪತ್ರ ಎಷ್ಟೋ ಸಲ ಕೆಲಸ ಮಾಡುತ್ತದೆ.

ಕಾರ್ಡ್‌ನಲ್ಲಿ ಹಣ ಕೊಟ್ಟಿದ್ದರೆ ಬ್ಯಾಂಕ್ ಮೂಲಕ ವಿವಾದ ಎತ್ತಬಹುದು. ಆದರೆ ಇದನ್ನು ಮೊದಲ ದಿನವೇ ಮಾಡಬೇಡಿ. ಬ್ಯಾಂಕ್ ನಡುವೆ ಬಂದ ಕೂಡಲೇ ಡೀಲರ್ ನಿಮ್ಮ ಜೊತೆ ಮಾತು ನಿಲ್ಲಿಸುತ್ತಾರೆ, ಬದಲಿ ಗಿಟಾರ್ ಆಸೆ ಬಿಡಬೇಕಾಗುತ್ತದೆ. ಹಾಗಂತ ತೀರಾ ತಡ ಮಾಡಿದರೆ ಬ್ಯಾಂಕಿನ ಗಡುವೂ ಹೋಗುತ್ತದೆ. ಆ ಗಡುವು ಎಷ್ಟು ಎಂದು ಮೊದಲ ವಾರದಲ್ಲೇ ಕೇಳಿಟ್ಟುಕೊಳ್ಳಿ. ಗ್ರಾಹಕ ವೇದಿಕೆ, ಸಣ್ಣ ಮೊತ್ತದ ಕೋರ್ಟ್ ಇವೆಲ್ಲ ಅದರ ಮುಂದಿನ ಮೆಟ್ಟಿಲು. ನೀವು ಇರುವ ಕಡೆಯ ಕಾನೂನು ನೋಡಿ ಹತ್ತಬೇಕು. ಇಲ್ಲೆಲ್ಲ ಕೇಳುವುದು ನೀವು ಹಂತ 2ರಲ್ಲಿ ಮಾಡಿದ ವಿಡಿಯೋವನ್ನೇ.

ವಿವಾದ ನಡೆಯುತ್ತಿರುವಾಗ ಆ ಗಿಟಾರ್ ನುಡಿಸಬೇಡಿ. ಅದನ್ನು ಹಿಡಿದು ನುಡಿಸುವ ಒಂದು ಫೋಟೋ ಎಲ್ಲಾದರೂ ಹಾಕಿದರೆ ಡೀಲರ್‌ಗೆ ಅದಕ್ಕಿಂತ ಒಳ್ಳೆಯ ಸಾಕ್ಷಿ ಬೇಕಿಲ್ಲ.

ಹಂತ 10: ಬದಲಿ ಗಿಟಾರ್ ಬಂದಾಗ

ಖುಷಿಯಲ್ಲಿ ಹಂತ 1 ಬಿಟ್ಟುಬಿಡುವವರೇ ಜಾಸ್ತಿ. ಮತ್ತೆ ಬಾಕ್ಸ್‌ನ ಆರು ಬದಿ, ಮತ್ತೆ ವಿಡಿಯೋ, ಮತ್ತೆ ಟಾರ್ಚ್. ಸೀರಿಯಲ್ ನಂಬರ್ ಮೊದಲಿನದಕ್ಕಿಂತ ಬೇರೆಯೇ ನೋಡಿ. ನನಗೆ ಒಮ್ಮೆ ನಾನೇ ವಾಪಸ್ ಕಳಿಸಿದ ಗಿಟಾರ್, ತಂತಿ ಬದಲಾಯಿಸಿ, ಒರೆಸಿ, ಬದಲಿ ಅಂತ ಬಂದಿತ್ತು. ನಂಬರ್ ಬರೆದಿಟ್ಟುಕೊಂಡಿದ್ದರಿಂದ ಸಿಕ್ಕಿಬಿದ್ದರು.

ಬದಲಿ ಗಿಟಾರ್‌ಗೆ ವಾಪಸಾತಿಯ ಗಡುವು ಅದು ಬಂದ ದಿನದಿಂದಲೇ ಹೊಸದಾಗಿ ಶುರುವಾಗುತ್ತದೆಯೇ, ವಾರಂಟಿ ಕಾರ್ಡ್ ಮತ್ತು ಬಿಲ್‌ನಲ್ಲಿ ಹೊಸ ಸೀರಿಯಲ್ ನಂಬರ್ ಬಂದಿದೆಯೇ ಎಂದು ಬರೆದು ಕೇಳಿ. ಎಲ್ಲ ಸರಿಯಿದ್ದರೆ ಒಂದು ವಾರ ಹಾಗೇ ನುಡಿಸಿ. ಗಡುವು ಮುಗಿಯಲು ಎರಡು ದಿನ ಇರುವಾಗ ಅಳತೆಗಳನ್ನು ಇನ್ನೊಮ್ಮೆ ತೆಗೆಯಿರಿ. ಆಗಲೂ ಸರಿಯಿದ್ದರೆ ಬಾಕ್ಸ್ ಮಡಚಿ ಇಡಿ, ಅಲೆನ್ ಕೀ ತೆಗೆಯಿರಿ.